ಒಂದು ಮಿಕ್ಸಿ, ಇಬ್ಬರು ಮಕ್ಕಳು

ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವುದು ದೊಡ್ಡ ರಾಜಕೀಯ. ಮಗನಿಗೆ ಆ ಶಬ್ದ ಅಂದರೆ ಪ್ರಾಣ. ಎಲ್ಲಿದ್ದರೂ ಓಡಿ ಬಂದು ಜಾರಿನ ಮೇಲೆ ಅಂಗೈ ಇಡುತ್ತಾನೆ. ಮಗಳು ಅದೇ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ಮಂಚದ ಅಡಿ ಸೇರುತ್ತಿದ್ದಳು. ಅವನಿಗೆ 13 ವರ್ಷ, ಇವಳಿಗೆ 9. ಇಬ್ಬರಿಗೂ ಆಟಿಸಂ, ಅಂದರೆ ಮಾತು, ಜನರ ಜೊತೆ ಬೆರೆಯುವುದು, ಶಬ್ದ ಸ್ಪರ್ಶ ತಟ್ಟುವ ರೀತಿ ಎಲ್ಲ ಬೇರೆಯಾಗಿರುವ ಮಿದುಳಿನ ಬೆಳವಣಿಗೆ. ಉಡುಪಿಯ ಮನೆಯಲ್ಲಿ ತೆಂಗಿನಕಾಯಿ ಅರೆಯದೆ ಅಡುಗೆ ಮುಗಿಯುವುದುಂಟಾ?

"ಆಟಿಸಂ ಮಕ್ಕಳಿಗೆ ಹೀಗೆ ಮಾಡಬೇಕು" ಅಂತ ಯಾರಾದರೂ ಹೇಳಿದರೆ, ಯಾವ ಮಗುವಿಗೆ ಅಂತ ಕೇಳುತ್ತೇನೆ. ನಮ್ಮಲ್ಲಿ ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬಳಿಗೆ ಹಿಂಸೆ. ನಾವು ಹೇಗೆ ಹೊಂದಿಸಿಕೊಂಡೆವು ಅಂತಷ್ಟೇ ಬರೆಯುತ್ತಿದ್ದೇನೆ.

ಮಗನದ್ದು ಬೇಗ ಗೊತ್ತಾಯಿತು. ಒಂದೂವರೆ ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿರಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಬಿಸ್ಕತ್ತಿನ ಡಬ್ಬದ ಮೇಲೆ ಇಡುತ್ತಿದ್ದ. ತುದಿಗಾಲಲ್ಲಿ ನಡೆಯುತ್ತಿದ್ದ. "ಗಂಡು ಮಕ್ಕಳಿಗೆ ಮಾತು ತಡ ಮಗಾ, ಇವನ ಅಪ್ಪನೂ ಹಾಗೆಯೇ" ಅಂದರು ಅತ್ತೆ. ಮಕ್ಕಳ ಡಾಕ್ಟರು ಮೊದಲು ಕಿವಿ ಪರೀಕ್ಷೆ ಮಾಡಿಸಲು ಹೇಳಿದರು. ಕಿವಿ ಸರಿ ಇತ್ತು. ಅಲ್ಲಿಂದ ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳಿಗೆ ಮೈ ಕೈ ಪಳಗಿಸುವ ಆಕ್ಯುಪೇಷನಲ್ ಥೆರಪಿ ಅಂತ ಮಣಿಪಾಲಕ್ಕೆ ಓಡಾಟ ಶುರುವಾಯಿತು.

ಮಗಳ ವಿಷಯ ಪೂರಾ ಬೇರೆ. ವರ್ಷ ತುಂಬುವಾಗಲೇ ಮಾತು. ಅಂಗನವಾಡಿಗೆ ಹೋಗುವ ಮೊದಲೇ ಬಸ್ಸಿನ ಬೋರ್ಡು ಓದುತ್ತಿದ್ದಳು. ಅಣ್ಣನ ಪಾಲಿನ ಮಾತೂ ಇವಳಿಗೇ ಬಂದಿದೆ ಅಂತ ಎಲ್ಲರಿಗೂ ಖುಷಿ. ಶಾಲೆ ಶುರುವಾದ ಮೇಲೆ ಕಥೆ ಬದಲಾಯಿತು. ಅಲ್ಲಿ ದಿನವಿಡೀ ಜಾಣೆ. ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ನೆಲಕ್ಕೆ ಬಿದ್ದು ಅಳು. ಪಕ್ಕದ ಹುಡುಗಿಯರು ನಕ್ಕಾಗ ನಗುವುದು, ಸುಮ್ಮನಾದಾಗ ಸುಮ್ಮನಾಗುವುದು, ಹೀಗೆ ನೋಡಿ ನೋಡಿ ನಡೆದುಕೊಂಡೇ ಅವಳಿಗೆ ಸುಸ್ತು. ಲೆಕ್ಕದ ಪ್ರಕಾರ ಆಟಿಸಂ ಇದೆ ಅಂತ ಗುರುತಿಸಿದ ಒಬ್ಬ ಹುಡುಗಿಗೆ ಮೂರರಿಂದ ನಾಲ್ಕು ಹುಡುಗರಿದ್ದಾರೆ. ಇವಳ ಹಾಗೆ ಯಾರ ಕಣ್ಣಿಗೂ ಬೀಳದ ಹುಡುಗಿಯರು ಆ ಲೆಕ್ಕದಲ್ಲಿ ಇಲ್ಲ. ದೊಡ್ಡ ಮಗುವಿಗೆ ಆಟಿಸಂ ಇದ್ದರೆ ಅದರ ನಂತರದ ಮಗುವಿಗೂ ಬರುವ ಸಾಧ್ಯತೆ ಐದರಲ್ಲಿ ಒಂದರಷ್ಟು ಎಂಬುದೂ ನಮಗೆ ಆಗಲೇ ತಿಳಿದದ್ದು.

ಮೊಬೈಲ್ ಕೊಟ್ಟದ್ದರಿಂದ ಬಂತು, ಚುಚ್ಚುಮದ್ದಿನಿಂದ ಬಂತು, ತಾಯಿ ಕೆಲಸಕ್ಕೆ ಹೋದದ್ದರಿಂದ ಬಂತು. ಮೂರನ್ನೂ ಕೇಳಿಸಿಕೊಂಡಿದ್ದೇನೆ. ಚುಚ್ಚುಮದ್ದಿನ ಕಥೆ ಹುಟ್ಟಿದ್ದು 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ಲೇಖನದಿಂದ. 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಇದನ್ನೆಲ್ಲ ವಿವರಿಸುವ ತಾಳ್ಮೆ ನನಗೀಗ ಇಲ್ಲ. "ಹೌದಾ" ಅಂದು ಪಾಯಸ ಹಾಕಿಸಿಕೊಳ್ಳುತ್ತೇನೆ.

ಅತ್ತೆ ನಾಗನಿಗೆ ಆಶ್ಲೇಷಾ ಬಲಿ ಪೂಜೆ ಮಾಡಿಸಬೇಕು ಅಂದರು. ಮಾಡಿಸಿದೆವು. ಅವರ ಮನಸ್ಸಿಗೆ ಸಮಾಧಾನವಾಯಿತು, ಥೆರಪಿಯೂ ತಪ್ಪಲಿಲ್ಲ. ನನಗೆ ಸಿಟ್ಟಿರುವುದು ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರ ಮೇಲೆ. ಆಟಿಸಂಗೆ ಅದರಿಂದ ಗುಣ ಸಿಗುತ್ತದೆ ಎನ್ನುವುದಕ್ಕೆ ಆಧಾರವೇ ಇಲ್ಲ. ಚಿನ್ನ ಅಡವಿಟ್ಟು ಹೋದವರನ್ನು ನೋಡಿದ್ದೇನೆ.

ಮಿಕ್ಸಿಗೆ ಬರುತ್ತೇನೆ. ಮಗಳಿಗೆ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಹುಚ್ಚು. ಇವರ ಫೋನಿನಲ್ಲಿ ಹಾಕಿಕೊಂಡು ಗಂಟೆಗಟ್ಟಲೆ ಕೇಳುತ್ತಾಳೆ. ಚೆಂಡೆಯ ಪೆಟ್ಟು ಬಂದಾಗಲೂ ಕದಲುವುದಿಲ್ಲ. ಇಷ್ಟು ಜೋರು ಶಬ್ದ ಆಗುವವಳಿಗೆ ಮಿಕ್ಸಿ ಯಾಕೆ ಆಗುವುದಿಲ್ಲ ಅಂತ ಥೆರಪಿಸ್ಟ್ ಹತ್ತಿರ ಕೇಳಿದೆ. "ಫೋನಿನ ವಾಲ್ಯೂಮ್ ಯಾರ ಕೈಯಲ್ಲಿದೆ?" ಅಂತ ಅವರು ತಿರುಗಿ ಕೇಳಿದರು. ಅಷ್ಟು ಸಾಕಾಯಿತು. ಮರುದಿನದಿಂದ ಮಿಕ್ಸಿಯ ಸ್ವಿಚ್ಚು ಮಗಳಿಗೆ ಕೊಟ್ಟೆ. ಇಯರ್ ಮಫ್ ಹಾಕಿಕೊಂಡು, "ಹಾಕುತ್ತೇನೆ" ಅಂತ ಘೋಷಿಸಿ, ತಾನೇ ಹತ್ತು ಎಣಿಸಿ, ತಾನೇ ಬಂದ್ ಮಾಡುವುದು. ಜಾರಿನ ಮೇಲೆ ಅಣ್ಣನ ಕೈ. ಮೊದಮೊದಲು ಎರಡೇ ಎಣಿಸಿ ಓಡುತ್ತಿದ್ದಳು. ಈಗ ಹತ್ತಕ್ಕೆ ನಿಲ್ಲುತ್ತಾಳೆ, ಹನ್ನೊಂದಕ್ಕೆ ಮಾತ್ರ ಒಪ್ಪುವುದಿಲ್ಲ. ಮಸಾಲೆ ನುಣ್ಣಗಾಗಲಿಲ್ಲ ಅಂತ ಅತ್ತೆಯ ಗೊಣಗು ಇದ್ದದ್ದೇ. ಇರಲಿ, ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಒಂದೇ ಕೆಲಸ ಮಾಡುತ್ತಾರಲ್ಲ. ತರಿ ತರಿ ಗಸಿಗೆ ನಾನು ತಯಾರು.

ಈ ಒಂದು ಉಪಾಯ ಬೇರೆ ಕಡೆಗಳಲ್ಲೂ ಕೆಲಸಕ್ಕೆ ಬಂತು. ಶಾಲೆಯ ಬೆಲ್ಲಿಗೆ ಅವಳು ಬೆಚ್ಚಿ ಬೀಳುತ್ತಿದ್ದಳು. ಟೀಚರ್ ಹತ್ತಿರ ಮಾತನಾಡಿದೆ. ಈಗ ಊಟದ ಬೆಲ್ ಹೊಡೆಯುವ ಕೆಲಸ ಅವಳದ್ದೇ. ಒಂದು ನಿಮಿಷವೂ ತಡವಾಗುವುದಿಲ್ಲ. ಹೆಡ್ ಮೇಡಂ ಮೀಟಿಂಗಿನಲ್ಲಿ ಇದ್ದರೂ ಬೆಲ್ ಬೆಲ್ಲೇ.

ಕೈಗೆ ಸ್ವಿಚ್ಚು ಸಿಗದ ಶಬ್ದಗಳೂ ಇವೆ. ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಗೆ ರಥಬೀದಿಯಲ್ಲಿ ಹುಲಿವೇಷದ ತಾಸೆ ವಾದ್ಯಕ್ಕೆ ಯಾರು ಸ್ವಿಚ್ಚು ಕೊಡುತ್ತಾರೆ? ಆ ದಿನ ನಾವು ಎರಡು ಪಾಲಾಗುತ್ತೇವೆ. ಇವರು ಮಗನನ್ನು ಕರೆದುಕೊಂಡು ಪೇಟೆಗೆ. ನಾನು ಮಗಳ ಜೊತೆ ಬ್ರಹ್ಮಾವರದ ತವರಿಗೆ. ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಇರಬೇಕು ಅಂತ ನೆಂಟರು ಹೇಳುತ್ತಾರೆ. ಒಟ್ಟಿಗೆ ಇದ್ದು ಇಬ್ಬರಲ್ಲಿ ಒಬ್ಬರು ನರಳುವುದಕ್ಕಿಂತ ಇದು ಒಳ್ಳೆಯದು. ಮಗ ತಾಸೆಯವರ ಪಕ್ಕದಲ್ಲೇ ನಿಂತು ಎರಡೂ ಕೈ ಆಡಿಸುತ್ತಾ ಕುಣಿಯುತ್ತಾನಂತೆ. ಆಮೇಲೆ ವಾರಗಟ್ಟಲೆ ಸ್ಟೀಲ್ ಬಟ್ಟಲಿನ ಮೇಲೆ ಅದೇ ಪೆಟ್ಟು. ಒಂದೂ ತಪ್ಪುವುದಿಲ್ಲ. ತಾಸೆ ಬಾರಿಸುವ ನೆಂಟನೊಬ್ಬ ಕೇಳಿ, "ಇವನಿಗೆ ಯಾರು ಕಲಿಸಿದ್ದು?" ಅಂದ. ಮೂರು ಅಕ್ಷರದ ಮಾತಿಗೆ ವರ್ಷಗಟ್ಟಲೆ ಕಾದ ನನಗೆ ಆ ಪ್ರಶ್ನೆ ಕೇಳಿ ಎಷ್ಟು ಹೆಮ್ಮೆಯಾಯಿತು ಅಂತ ಬೇರೆ ಹೇಳಬೇಕಾ?

ಮಾತು ಅಂದೆನಲ್ಲ. ಮನೆಯಲ್ಲಿ ನಮ್ಮದು ತುಳು. ಥೆರಪಿಯಲ್ಲಿ ಕನ್ನಡ, ಟಿವಿಯಲ್ಲಿ ಇಂಗ್ಲಿಷ್. ಹಲವು ಭಾಷೆಯಿಂದ ಮಗುವಿಗೆ ಗೊಂದಲ, ಒಂದನ್ನೇ ಮಾತಾಡಿ ಅಂತ ಹೇಳಿದವರು ಸುಮಾರು ಜನ. ಹಾಗೆ ಮಾಡಿದರೆ ತುಳು ಬಿಡಬೇಕಿತ್ತು, ಅತ್ತೆ ಮೊಮ್ಮಗನ ಹತ್ತಿರ ಮಾತೇ ಆಡುವ ಹಾಗಿರಲಿಲ್ಲ. ಎರಡು ಮೂರು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಸ್ಪೀಚ್ ಥೆರಪಿಸ್ಟೂ ಅದನ್ನೇ ಹೇಳಿದರು. ನಾವು ತುಳು ಬಿಡಲಿಲ್ಲ. ಮಗ ಸ್ಪಷ್ಟವಾಗಿ ಆಡಿದ ಮೊದಲ ಮಾತು "ಬೊಡ್ಚಿ", ಅಂದರೆ ಬೇಡ. ಅದೂ ನನ್ನ ಹಾಗಲಕಾಯಿ ಪಲ್ಯಕ್ಕೆ. ಅದಕ್ಕೆ ಮೊದಲು ಬೇಡದ್ದನ್ನು ಬೇಡ ಎನ್ನಲು ಅವನಿಗೆ ಇದ್ದದ್ದು ತಟ್ಟೆ ಎಸೆಯುವ ದಾರಿ ಒಂದೇ. ತಟ್ಟೆ ಎಸೆಯುವುದು ಅಲ್ಲಿಗೆ ಅರ್ಧ ನಿಂತಿತು.

ಬಾಯಲ್ಲಿ ಬರುವ ಮಾತು ಇವತ್ತಿಗೂ ಕಡಿಮೆ. ಉಳಿದದ್ದಕ್ಕೆ ಟ್ಯಾಬಿನಲ್ಲಿ ಚಿತ್ರ ಒತ್ತಿದರೆ ಮಾತನಾಡುವ ಆಪ್ ಇದೆ. ಅದನ್ನು ಕೊಟ್ಟರೆ ಬಾಯಿ ಮಾತು ನಿಂತೇ ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಕೆಲವು ಮಕ್ಕಳಿಗೆ ಮಾತಿಗೂ ಸಹಾಯವಾಗುತ್ತದೆ. ಅದರಲ್ಲಿ ನಮ್ಮದೇ ಧ್ವನಿ ರೆಕಾರ್ಡ್ ಮಾಡಿ ಹಾಕಬಹುದು. ತುಳುವಿನ ಧ್ವನಿ ಅತ್ತೆಯದ್ದು. ಹಾಗಾಗಿ ಬಾಯಾರಿಕೆಯಾದರೆ 13 ವರ್ಷದ ಹುಡುಗ ಅಜ್ಜಿಯ ಧ್ವನಿಯಲ್ಲಿ "ನೀರ್ ಬೋಡು" ಅನ್ನುತ್ತಾನೆ. ಮಗಳು ಇನ್ನೊಂದು ತುದಿ. ತಾಳಮದ್ದಳೆ ಕೇಳಿ ಕೇಳಿ, "ಅಮ್ಮಾ, ಈ ದೋಸೆ ನನಗೆ ಸಮ್ಮತವಲ್ಲ" ಅನ್ನುವ ಜಾತಿ. ದೋಸೆಯ ಅಂಚು ಕಪ್ಪಾಗಿದೆ ಅಂತ ಅರ್ಥ. ನಗು ತಡೆದುಕೊಂಡು ಇನ್ನೊಂದು ಹೊಯ್ಯುತ್ತೇನೆ.

ಅಡುಗೆ ಮನೆಯ ಬಾಗಿಲ ಪಕ್ಕ ದಿನದ ಬೋರ್ಡು ಇದೆ. ಸ್ನಾನ, ತಿಂಡಿ, ವ್ಯಾನು, ಶಾಲೆ, ಎಲ್ಲಕ್ಕೂ ಫೋಟೋ. ಮುಗಿದದ್ದನ್ನು ಕಿತ್ತು ಡಬ್ಬಕ್ಕೆ ಹಾಕುವುದು. ಎಲ್ಲರೂ ಹೇಳಿಕೊಡುವ ವಿಷಯ ಇದು. ಆದರೆ ನಮ್ಮ ಊರಿನ ಮಳೆ ರಜೆಗೆ ಯಾವ ಪುಸ್ತಕದಲ್ಲೂ ಚಿತ್ರವಿಲ್ಲ. ಜೂನ್, ಜುಲೈಯಲ್ಲಿ ಡಿಸಿ ರಾತ್ರಿ ರಜೆ ಸಾರಿದರೆ ಪುಣ್ಯ. ಕೆಲವೊಮ್ಮೆ ಬೆಳಿಗ್ಗೆ ಯೂನಿಫಾರ್ಮ್ ಹಾಕಿದ ಮೇಲೆ ಸುದ್ದಿ ಬರುತ್ತದೆ. ಉಳಿದ ಮಕ್ಕಳು ಕುಣಿಯುತ್ತಾರೆ, ನಮ್ಮಲ್ಲಿ ರಣರಂಗ. ಅದಕ್ಕೇ ಕೊಡೆಯ ಚಿತ್ರವಿರುವ ಒಂದು ಕಾರ್ಡು ಮಾಡಿದೆವು. ಅದರ ಕೆಳಗೆ ಆ ದಿನದ್ದೇ ಬೇರೆ ಸಾಲು: ಗೋಳಿಬಜೆ, ಅಜ್ಜಿಯ ಕೋಣೆ, ಟ್ಯಾಬು, ಊಟ. ರಜೆ ಬಂದರೂ ಅದರೊಳಗೊಂದು ಕ್ರಮ ಇದೆ ಅಂತ ತೋರಿಸಿದರೆ ಆಯಿತು. ಮಳೆಯಿಲ್ಲದ ದಿನ ಸುಮ್ನೆ ಆ ಕಾರ್ಡು ಹಾಕಿ ಅಭ್ಯಾಸವನ್ನೂ ಮಾಡಿಸಿದೆವು. ಈಗ ಮಗನೇ ಕಿಟಕಿಯಲ್ಲಿ ನೋಡಿ "ಬರ್ಸ" ಅಂತ ಕಾರ್ಡು ತರುತ್ತಾನೆ. ಡಿಸಿಯವರು ಮಾತ್ರ ಅವನ ಮಾತಿಗೆ ಒಪ್ಪಬೇಕಲ್ಲ.

ಹೆದರಿಕೆಯ ವಿಷಯ ಒಂದೇ, ನೀರು. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಕಣ್ಣು ತಪ್ಪಿಸಿ ಹೊರಗೆ ಹೋಗಿಬಿಡುವವರು. ಹೋದವರಲ್ಲಿ ಹಲವರನ್ನು ನೀರು ಸೆಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಬಾವಿ, ಕೆರೆ, ಹೊಳೆ, ಸಮುದ್ರ, ಎಲ್ಲಿ ತಿರುಗಿದರೂ ನೀರೇ. ಅಂಗಳದ ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಹಾಕಿದ್ದೇವೆ. ಗೇಟಿಗೆ ಗಂಟೆ ಕಟ್ಟಿದ್ದೇವೆ. ಅಕ್ಕಪಕ್ಕದ ನಾಲ್ಕು ಮನೆಗೂ, ರಿಕ್ಷಾ ಸ್ಟ್ಯಾಂಡಿಗೂ ಅವನ ಫೋಟೋ, ನಮ್ಮ ನಂಬರ್ ಕೊಟ್ಟಿದ್ದೇವೆ. ಮಗನ ಕಾಣೆಯಾಗುವ ಬುದ್ಧಿಯನ್ನು ಊರಿಗೆಲ್ಲ ಯಾಕೆ ಹೇಳಬೇಕು ಅಂತ ಇವರಿಗೆ ಮೊದಲು ನಾಚಿಕೆ. ಒಮ್ಮೆ ರಿಕ್ಷಾದವರೇ ಅವನನ್ನು ಕೂರಿಸಿಕೊಂಡು ಬಂದು ಬಿಟ್ಟ ಮೇಲೆ ನಾಚಿಕೆ ಹೋಯಿತು. ಈಜೂ ಕಲಿಸಿದೆವು. ಮಲ್ಪೆಗೆ ಹೋದರೆ ಅಲೆಯ ಅಂಚಲ್ಲಿ ಕೂತು ಇಡೀ ಸಂಜೆ ಕಳೆಯುತ್ತಾನೆ. ಆಗಲೂ ನಮ್ಮಲ್ಲೊಬ್ಬರ ಕೈ ಅವನ ಅಂಗಿಯ ಮೇಲೆಯೇ.

ಅದೇ ಬಾವಿಯಿಂದ ಉಪಕಾರವೂ ಇದೆ. ಎಳೆಯುವ, ಎತ್ತುವ, ದೂಡುವ ಕೆಲಸ ಮಾಡಿದರೆ ಅವನ ಮೈ ಶಾಂತವಾಗುತ್ತದೆ ಅಂತ ಥೆರಪಿಯಲ್ಲಿ ಭಾರದ ಚೀಲ ಹೊರಿಸುತ್ತಿದ್ದರು. ನಮ್ಮಲ್ಲಿ ರಾಟೆ ಇದೆಯಲ್ಲ! ಸಂಜೆ ಅಪ್ಪನ ಜೊತೆ ನಿಂತು ಹಗ್ಗ ಎಳೆದು ನೀರು ಸೇದುತ್ತಾನೆ. ಕೊಡಪಾನ ಎತ್ತಿಕೊಂಡು ಹೋಗಿ ಮಲ್ಲಿಗೆ ಗಿಡಗಳಿಗೆ ಹಾಕುತ್ತಾನೆ. ಆ ರಾತ್ರಿ ಸ್ವಲ್ಪ ಬೇಗ ನಿದ್ದೆ. ಯಾವಾಗಲೂ ಅಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ನಗುವ ದಿನಗಳೂ ಇವೆ. ಅದಕ್ಕೆ ನಾನು, ಇವರು ಪಾಳಿ ಹಾಕಿಕೊಂಡಿದ್ದೇವೆ. ಪಾಳಿ ಇಲ್ಲದವರು ಬಾಗಿಲು ಹಾಕಿ ಮಲಗುವುದು. ತಾಯಿಯಾಗಿ ಬಾಗಿಲು ಹಾಕಿಕೊಳ್ಳುವುದಾ ಅಂತ ಕೇಳಬೇಡಿ. ನಿದ್ದೆಗೆಟ್ಟ ಇಬ್ಬರಿಗಿಂತ ನಿದ್ದೆಯಾದ ಒಬ್ಬರು ಮೇಲು.

ಕಾಗದ ಪತ್ರದ ಕೆಲಸವನ್ನು ಮುಂದೂಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ವಿಕಲತೆಗಳಲ್ಲಿ ಆಟಿಸಂ ಕೂಡ ಒಂದು. ವಿಕಲತೆ ಶೇ. 40ಕ್ಕಿಂತ ಕಡಿಮೆ ಇಲ್ಲ ಅಂತ ಸರ್ಟಿಫಿಕೇಟ್ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿಗೂ ಒಂದು ಪಾಲು ಇದೆ. 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಲೆಕ್ಕದಲ್ಲಿ ಪೋಷಕರು ಆಗಿ ಉಳಿಯುವುದಿಲ್ಲ. ಬೇಕಿದ್ದರೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ನಮಗೆ ಅದಕ್ಕೆ ಇನ್ನೂ ಐದು ವರ್ಷ ಇದೆ.

ಸದ್ಯಕ್ಕೆ ಮನೆಯಲ್ಲಿ ನಡೆಯುತ್ತಿರುವುದು ಬೇರೆ ಪಾಠ. ಮಗನಿಗೆ ಮೀಸೆ ಚಿಗುರುತ್ತಿದೆ. ಚಿಕ್ಕವನಿದ್ದಾಗ ಬಸ್ಸಿನಲ್ಲಿ ಪಕ್ಕದವರ ಭುಜಕ್ಕೆ ತಲೆ ಇಟ್ಟರೆ ಮುದ್ದು ಮಾಡುತ್ತಿದ್ದರು. ಈಗ ನನ್ನಷ್ಟೇ ಎತ್ತರದ ಹುಡುಗ ಹಾಗೆ ಮಾಡಿದರೆ ಜನ ಹೆದರುತ್ತಾರೆ. ಅಪ್ಪ, ಅಮ್ಮ, ಅಜ್ಜಿಗೆ ಅಪ್ಪುಗೆ, ಉಳಿದವರಿಗೆ ನಮಸ್ಕಾರ ಅಂತ ಫೋಟೋ ಹಾಕಿ ಕಲಿಸುತ್ತಿದ್ದೇವೆ. ಬಟ್ಟೆ ಬದಲಿಸುವಾಗ ಬಾಗಿಲು ಹಾಕುವುದನ್ನು ಇವರು ಕಲಿಸುತ್ತಿದ್ದಾರೆ. ಅದನ್ನು ಕಲಿತಿದ್ದಾನೆ, ಸ್ವಲ್ಪ ಜಾಸ್ತಿಯೇ ಕಲಿತಿದ್ದಾನೆ. ಈಗ ಮನೆಯ ಯಾವ ಬಾಗಿಲು ತೆರೆದಿದ್ದರೂ ಹೋಗಿ ಹಾಕಿ ಬರುತ್ತಾನೆ, ಅಂಗಡಿಯದ್ದು ಕೂಡ. ಕಳೆದ ವಾರ ದಿನಸಿ ಅಂಗಡಿಯವರನ್ನು ಒಳಗೆ ಹಾಕಿ ಚಿಲಕ ಎಳೆದು ಬಂದ. ಅವರು ನಗುತ್ತಾ ಫೋನ್ ಮಾಡಿದರು. ಮುಂದಿನ ಕಾರ್ಡು ಅದಕ್ಕೇ ಮಾಡಬೇಕು.