ವೈನರಿ ತೊಳೆದ ನೀರನ್ನು ತೋಟಕ್ಕೆ ಹರಿಸಿದ್ದು: ನನ್ನ ಅನುಭವ

ಪರಿಸರದ ಕಾಳಜಿ ನನಗೆ ಮೊದಲಿಂದಲೂ ಇದೆ. ಆದರೆ ನಮ್ಮ ವೈನರಿಯ (ದ್ರಾಕ್ಷಿ ವೈನ್ ಮಾಡುವ ಘಟಕ) ನೀರಿನ ಕೆಲಸಕ್ಕೆ ಇಳಿಸಿದ್ದು ಟ್ಯಾಂಕರ್ ಬಿಲ್ಲು. 2023ರ ಬರದಲ್ಲಿ ಬೋರ್‌ವೆಲ್ ಬತ್ತಿತು. ಮುಂದಿನ ಕೊಯ್ಲಿನಲ್ಲಿ ಬರೀ ನೀರಿಗೇ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಜೊತೆಗೆ ತೊಳೆದ ನೀರು ನಿಲ್ಲುವ ನಮ್ಮ ಗುಂಡಿಯ ಹುಳಿ ವಾಸನೆಗೆ ಪಕ್ಕದ ತೋಟದವರ ತಕರಾರು. ಸಣ್ಣ ವೈನರಿಗಳನ್ನು ಬದಲಿಸುವುದು ಹೆಚ್ಚಾಗಿ ಇವೆರಡೇ ಎಂದು ನನಗನಿಸುತ್ತದೆ.

'ಆ ನೀರು ಬಿಟ್ರ ಬಳ್ಳಿ ಒಣಗ್ತಾವ್ರೀ' ಎಂದು ವಿಜಯಪುರದ ಸುತ್ತ ಎಲ್ಲರೂ ಹೆದರಿಸಿದ್ದರು. ಅದರಲ್ಲಿ ಅರ್ಥವೂ ಇತ್ತು. ನಮ್ಮದು ಎರೆ ಭೂಮಿ. ಟ್ಯಾಂಕ್ ತೊಳೆಯಲು ಬಳಸುವ ಕಾಸ್ಟಿಕ್ ಸೋಡಾದ ಸೋಡಿಯಂ ಸೇರಿದರೆ ಮಣ್ಣು ಬಿಗಿಯುತ್ತದೆ, ನೀರು ಇಂಗಲ್ಲ. ಬೇಲಿ ಪಕ್ಕದ ಒಂದು ಸಾಲಿಗೆ ಬಿಟ್ಟು ನೋಡಿದಾಗ ಹಾಗೇ ಆಯಿತು. ಅದಕ್ಕೇ ಅದರ ಬದಲು ಸೋಡಿಯಂ ಇಲ್ಲದ ಕಾಸ್ಟಿಕ್ ಪೊಟ್ಯಾಷ್ ತಂದೆ. ಬೆಲೆ ದುಪ್ಪಟ್ಟಿಗಿಂತ ಜಾಸ್ತಿ. ಲೆಕ್ಕ ನೋಡುವ ತಮ್ಮ ಒಂದು ವಾರ ಮಾತು ಬಿಟ್ಟಿದ್ದ.

ಆ ಖರ್ಚು ಹೊರಬಂದದ್ದು ನೀರಿನ ಉಳಿತಾಯದಲ್ಲಿ. ಪೈಪ್ ಹಿಡಿಯುವ ಮೊದಲು ಚರಟ (ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜ), ಗಸಿ (ವೈನಿನ ತಳದ ಮಡ್ಡಿ) ಎಲ್ಲ ಸಲಿಕೆ, ವೈಪರ್‌ನಿಂದ ಎತ್ತಬೇಕು. ಒಂದು ಟ್ಯಾಂಕಿನ ಕೊನೆ ತೊಳೆತದ ನೀರೇ ಮುಂದಿನ ಟ್ಯಾಂಕಿನ ಮೊದಲ ತೊಳೆತಕ್ಕೆ. ಲೀಟರ್ ವೈನಿಗೆ ಆರೇಳು ಲೀಟರ್ ನೀರು ಬೇಕಾಗುತ್ತಿತ್ತು, ಈಗ ಮೂರರ ಆಸುಪಾಸು.

ಗುಂಡಿ ಮಾತ್ರ ತುಂಬಾ ಸತಾಯಿಸಿತು. ಸುಣ್ಣ ಹಾಕಿದರೆ ಪಿಎಚ್ ಏರಿ ಹುಳಿ ತಗ್ಗುತ್ತದೆ, ನಾಲ್ಕು ದಿನಕ್ಕೆ ಪಿಎಚ್ ಮತ್ತೆ ಇಳಿಯುತ್ತದೆ. ಒಳಗಿನ ಸಕ್ಕರೆ ಹುಳಿಯುತ್ತಲೇ ಇರುತ್ತದಲ್ವಾ? ಮೂಟೆಗಟ್ಟಲೆ ಸುಣ್ಣ ದಂಡವಾಯಿತು. ಕೊನೆಗೆ ಜಾಲರಿಯಲ್ಲಿ ಸೋಸಿ, ಗಾಳಿ ಊದಿ, ಆಮೇಲೆ ಜಲ್ಲಿ ತುಂಬಿ ಜೊಂಡು ನೆಟ್ಟ ತೊಟ್ಟಿಗೆ ಬಿಟ್ಟೆ. ಎಲ್ಲ ಸೇರಿ ತೊಂಬತ್ತು ಸಾವಿರದ ಒಳಗೆ ಮುಗಿಯಿತು. ವಾಸನೆ ಹೋಯಿತು. ಇಷ್ಟು ಕಡಿಮೆಯಲ್ಲಿ ನಮ್ಮ ಕಡೆ ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ. ಗಾಳಿ ಯಾವ ಹೊತ್ತಿಗೆ, ಎಷ್ಟು ಊದಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಚರಟವನ್ನು ಕುರಿಗಳಿಗೂ ಹಾಕಿ ನೋಡಿದೆ. ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯದು ತಿಂದವು. ಶಿರಾಜ್ ಎಂಬ ಕಪ್ಪು ದ್ರಾಕ್ಷಿಯದು ಒಗರು, ಮೂಸಿ ಬಿಟ್ಟವು. ಈಗ ಅದೆಲ್ಲ ಸಗಣಿ ಜೊತೆ ಗೊಬ್ಬರಕ್ಕೆ. ಟನ್ ದ್ರಾಕ್ಷಿಗೆ ಸುಮಾರು ಇನ್ನೂರು ಕೆಜಿ ಚರಟ ಸಿಗುತ್ತದೆ. ಬೀಜ ಕರಗಲು ವರ್ಷ ಬೇಕು. ನಸುಕಿನಲ್ಲೇ ಕೊಯ್ಯುವುದನ್ನೂ ಶುರು ಮಾಡಿದೆ. ಹಣ್ಣು ತಣ್ಣಗೆ ಬಂದರೆ ಚಿಲ್ಲರ್ (ತಂಪು ಮಾಡುವ ಯಂತ್ರ) ಕಡಿಮೆ ಓಡುತ್ತದೆ. ಮಾರ್ಚ್ ಕರೆಂಟ್ ಬಿಲ್ಲಲ್ಲಿ ಕಾಲು ಭಾಗ ಇಳಿದಿದೆ.

ಒಂದು ವಿಷಯದಲ್ಲಿ ಎಚ್ಚರ. ಪೊಟ್ಯಾಷ್ ನೀರು ಅಂತ ಬಳ್ಳಿಗೆ ಸುಮ್ನೆ ಸುರಿಯಬೇಡಿ. ಹಣ್ಣಿಗೆ ಪೊಟ್ಯಾಷ್ ಜಾಸ್ತಿ ಸೇರಿದರೆ ರಸದ ಪಿಎಚ್ ಏರಿ ವೈನ್ ಸಪ್ಪೆಯಾಗುತ್ತದೆ. ನಾನು ಹೆಚ್ಚಿನ ನೀರನ್ನು ನೇಪಿಯರ್ ಮೇವಿನ ಹುಲ್ಲಿಗೆ ಬಿಡುತ್ತೇನೆ. ಬಳ್ಳಿಗೆ ಏಪ್ರಿಲ್ ಚಾಟನಿ (ಬಳ್ಳಿ ಕತ್ತರಿಸುವುದು) ಆದ ಮೇಲಷ್ಟೇ, ಅದೂ ಅರ್ಧ ಬೋರ್ ನೀರು ಬೆರೆಸಿ. ಪ್ರತಿ ವರ್ಷ ಪೆಟಿಯೋಲ್ (ಎಲೆಯ ತೊಟ್ಟು) ಟೆಸ್ಟ್ ಮಾಡಿಸುತ್ತೇನೆ. ಪೊಟ್ಯಾಷ್ ಏರಿದೆ ಅಂತ ಬಂದರೆ ಆ ಪ್ಲಾಟಿಗೆ ಆ ವರ್ಷ ಈ ನೀರು ಬಂದ್.