ಶನಿವಾರ ಸಂಜೆ ಅಜ್ಜಿಯರೂ ಬರಲಿ, ಕಾಲೇಜು ಮಕ್ಕಳೂ ಬರಲಿ: ಊರ ಲೈಬ್ರರಿಯಲ್ಲಿ ಎಂಟು ವಾರದ ಕೂಟ ನಡೆಸುವುದು ಹೇಗೆ?

ಅಕ್ಟೋಬರ್ 1 ಹಿರಿಯರ ದಿನ. ವಿಶ್ವಸಂಸ್ಥೆ 1990ರಲ್ಲಿ ಈ ದಿನ ಗೊತ್ತುಮಾಡಿತು, 1991ರಿಂದ ಆಚರಣೆ ನಡೆಯುತ್ತಿದೆ. ತುಮಕೂರು ಕಡೆಯ ನಮ್ಮ ಸಣ್ಣ ಊರಲ್ಲೂ ಒಂದು ವರ್ಷ ಮಾಡಿದೆವು. ಶಾಮಿಯಾನ ಹಾಕಿಸಿದೆವು. ಇಪ್ಪತ್ತು ಜನ ಹಿರಿಯರನ್ನು ಸಾಲಾಗಿ ಕೂರಿಸಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಎರಡು ಗಂಟೆ ಭಾಷಣ ನಡೆಯಿತು. ಮಕ್ಕಳು ಹಿಂದೆ ನಿಂತು ಫೋಟೊ ತೆಗೆದರು. ಮನೆಗೆ ಹೋಗುವಾಗ ಒಬ್ಬ ತಾತ ನನ್ನ ಕೈ ಹಿಡಿದು ಹೇಳಿದರು: ‘ಎಲ್ಲ ಚೆನ್ನಾಗಿತ್ತಮ್ಮ. ಆದ್ರೆ ನನ್ನ ಒಂದು ಮಾತೂ ಯಾರೂ ಕೇಳ್ಲಿಲ್ಲ.’

ಆ ಮಾತು ನನಗೆ ತುಂಬಾ ದಿನ ಚುಚ್ಚುತ್ತಲೇ ಇತ್ತು. ಅದಾದ ಮೇಲೆ ನಾವು ಕೆಲವರು ಸೇರಿ ಬೇರೆ ದಾರಿ ಹಿಡಿದೆವು. ಲೈಬ್ರರಿಯಲ್ಲಿ ಎಂಟು ಶನಿವಾರ, ಒಂದೂವರೆ ಗಂಟೆಯ ಕೂಟ. ಹಿರಿಯರು ಒಂದು ಕಲಿಸಬೇಕು, ಒಂದು ಕಲಿಯಬೇಕು. ಚಿಕ್ಕವರೂ ಹಾಗೇ. ಇದು ಹಿರಿಯರ ಸೇವೆ ಅಲ್ಲ, ಕೊಡು-ಕೊಳ್ಳುವ ಲೆಕ್ಕ. ಒಂದು ಕಡೆಯವರು ಬರೀ ಕೊಡುತ್ತಾ, ಇನ್ನೊಂದು ಕಡೆಯವರು ಬರೀ ತೆಗೆದುಕೊಳ್ಳುತ್ತಾ ಇದ್ದರೆ ಮೂರನೇ ವಾರಕ್ಕೆ ಯಾರೂ ಬರುವುದಿಲ್ಲ. ನಿಮ್ಮ ಊರಲ್ಲೂ ಮಾಡಬೇಕೆಂದಿದ್ದರೆ ಹೀಗೆ ಶುರುಮಾಡಿ.

1. ಮೊದಲು ಜಾಗ

ಹೊಸ ಕಟ್ಟಡ, ಬಾಡಿಗೆ ಹಾಲ್ ಯಾವುದೂ ಬೇಡ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅದನ್ನು ‘ಅರಿವು ಕೇಂದ್ರ’ ಅನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಅಲ್ಲಿಗೆ ಬಂದು ಹೋಗಿ ರೂಢಿಯಾಗಿದೆ. ಪೇಟೆಯಾದರೆ ಶಾಖಾ ಗ್ರಂಥಾಲಯ ಇರುತ್ತದೆ. ಆಸ್ತಿ ತೆರಿಗೆ ಕಟ್ಟುವಾಗ ಗ್ರಂಥಾಲಯದ ಸೆಸ್ ಅಂತ ನಾವೆಲ್ಲ ಕೊಡುತ್ತೇವೆ ಅಲ್ವಾ? ಅದು ನಮ್ಮದೇ ಜಾಗ. ಮೇಲ್ವಿಚಾರಕರನ್ನು ಕಂಡು ಮಾತಾಡಿ, ಒಂದು ಪತ್ರ ಕೊಟ್ಟು, ಒಪ್ಪಿಗೆಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಜಾಗ ನೋಡುವಾಗ ಅರವತ್ತು ದಾಟಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಕಣ್ಣಿಗೆ ಬೀಳದ್ದು ಅವರಿಗೆ ಬೀಳುತ್ತದೆ. ಮೆಟ್ಟಿಲು ಎಷ್ಟು, ಹಿಡಿಯೋಕೆ ಕಂಬಿ ಇದೆಯಾ, ಶೌಚಾಲಯ ಹತ್ತಿರ ಇದೆಯಾ, ಬೆಳಕು ಸಾಕಾ? ಕುರ್ಚಿಗೆ ಬೆನ್ನೂ ಇರಬೇಕು, ಕೈಯೂ ಇರಬೇಕು. ಕೈ ಇಲ್ಲದ ಕುರ್ಚಿಯಿಂದ ಮಂಡಿನೋವಿನವರು ಏಳಲಾರರು.

2. ಹೊತ್ತು ಗೊತ್ತುಮಾಡಿ

ನಮಗೆ ಹೊಂದಿದ್ದು ಶನಿವಾರ ಸಂಜೆ ನಾಲ್ಕೂವರೆಯಿಂದ ಆರು. ಕತ್ತಲಾಗುವ ಮುಂಚೆ ಮನೆ ಸೇರಬಹುದು. ಪರೀಕ್ಷೆ ತಿಂಗಳು, ಸುಗ್ಗಿ, ಊರ ಜಾತ್ರೆ ನೋಡಿಕೊಂಡು ಎಂಟು ವಾರ ಆರಿಸಿ.

3. ಜನರನ್ನು ಕೂಡಿಸಿ, ಆದರೆ ಜಾಸ್ತಿ ಬೇಡ

ಎಂಟು ಹಿರಿಯರು, ಎಂಟು ಚಿಕ್ಕವರು ಸಾಕು. ಜಾಸ್ತಿ ಆದರೆ ಅದು ಮತ್ತೆ ಸಭೆ ಆಗಿಬಿಡುತ್ತದೆ.

ಚಿಕ್ಕವರನ್ನು ಹುಡುಕುವುದು ಸುಲಭ. ಹತ್ತಿರದ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಅಧಿಕಾರಿಯನ್ನು ಕಾಣಿ. ಎನ್‌ಎಸ್‌ಎಸ್ ಸೇರಿದ ಹುಡುಗ ಹುಡುಗಿಯರು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸಮಾಜದ ಕೆಲಸ ಮಾಡಬೇಕು. ನಿಮ್ಮ ಎಂಟು ವಾರಕ್ಕೆ 12 ಗಂಟೆ ಆಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಲು ಮೊದಲೇ ಕೇಳಿಕೊಳ್ಳಿ.

ಹಿರಿಯರನ್ನು ಕರೆಯುವುದೇ ಕಷ್ಟದ ಕೆಲಸ. ನೋಟಿಸ್ ಅಂಟಿಸಿದರೆ ಬರುವವರು ಹೇಗೂ ಎಲ್ಲ ಕಡೆ ಬರುವವರೇ: ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು. ಅವರೂ ಬೇಕು. ಆದರೆ ಮನೆಯಿಂದ ಹೊರಗೇ ಬಾರದ ಅಜ್ಜಿಯರಿಗೆ ನೋಟಿಸ್ ಮುಟ್ಟುವುದಿಲ್ಲ. ಅವರ ಮನೆಗೆ ಹೋಗಬೇಕು. ಜಗಲಿ ಮೇಲೆ ಕೂರಬೇಕು. ‘ನನಗೇನು ಗೊತ್ತು ತಾಯಿ, ನಾನು ಓದಿದವಳಲ್ಲ’ ಎಂದೇ ಎಲ್ಲರೂ ಅನ್ನುತ್ತಾರೆ. ಅಲ್ಲಿಗೇ ಎದ್ದು ಬರಬೇಡಿ. ‘ಉಪ್ಪಿನಕಾಯಿಗೆ ಯಾವ ಮಾವಿನಕಾಯಿ ಒಳ್ಳೇದು?’ ಅಂತ ಕೇಳಿ ನೋಡಿ. ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ. ‘ಇದನ್ನೇ ಶನಿವಾರ ಬಂದು ನಮ್ಮ ಹುಡುಗರಿಗೆ ಹೇಳಿಕೊಡಿ’ ಅನ್ನಿ.

ಊರ ಎಲ್ಲ ಕೇರಿಗಳಿಗೂ ಹೋಗಿ. ಒಂದೇ ಬೀದಿಯ, ಒಂದೇ ಜಾತಿಯ ಎಂಟು ಜನ ಕೂತರೆ ಅದು ಊರ ಕೂಟ ಆಗುವುದಿಲ್ಲ.

ಕರೆಯುವ ರೀತಿಯನ್ನೂ ಕೇಳಿಕೊಳ್ಳಿ. ಕೆಲವರಿಗೆ ‘ಅಜ್ಜಿ’ ಅಂದರೆ ಇಷ್ಟ. ಕೆಲವರಿಗೆ ‘ಅಮ್ಮ’ ಅನ್ನಬೇಕು. ನಲವತ್ತು ವರ್ಷ ಪಾಠ ಮಾಡಿದವರಿಗೆ ‘ಮೇಷ್ಟ್ರೇ’ ಅಂದಾಗಲೇ ಮುಖ ಅರಳುತ್ತದೆ.

4. ಮೊದಲ ವಾರ ಬರೀ ಆಟ

ಪರಿಚಯ, ಸ್ವಾಗತ ಭಾಷಣ ಎಲ್ಲ ಬಿಟ್ಟುಬಿಡಿ. ನೆಲದ ಮೇಲೋ ಮೇಜಿನ ಮೇಲೋ ಸೀಮೆಸುಣ್ಣದಲ್ಲಿ ಐದು-ಐದು ಮನೆಯ ಚೌಕಾಬಾರ ಬರೆಯಿರಿ. ನಾಲ್ಕು ಕವಡೆ ಇಡಿ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಳ್ಳಿ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಒಬ್ಬರು ಹಿರಿಯರು, ಒಬ್ಬರು ಚಿಕ್ಕವರು ಸೇರಿ ಒಂದು ಜೋಡಿ.

ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದಾ? ಒಂದೊಂದು ಮನೆಯಲ್ಲಿ ಒಂದೊಂದು ನಿಯಮ. ಜಗಳ ಶುರುವಾಗುತ್ತದೆ, ಆಗಲಿ ಬಿಡಿ. ಮೊಬೈಲ್ ಕೆಳಗಿಟ್ಟು ಹುಡುಗರು ಅಜ್ಜಿಯ ಪರ ವಾದ ಮಾಡುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ. ಇಂಥ ಮಣೆಯಾಟಗಳನ್ನು ಉಳಿಸುವ ಕೆಲಸವನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಮಾಡುತ್ತಾ ಬಂದಿದೆ. ಹದಿನಾಲ್ಕು ಗುಳಿಯ ಅಳಗುಳಿಮಣೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಅದನ್ನೂ ಇಳಿಸಿ ತನ್ನಿ.

5. ಎರಡು, ಮೂರು, ನಾಲ್ಕನೇ ವಾರ: ಫೋನ್ ಪಾಠ

ಈ ವಾರಗಳಲ್ಲಿ ಚಿಕ್ಕವರು ಗುರು. ಇಲ್ಲಿ ಒಂದೇ ಕಟ್ಟುನಿಟ್ಟು ಇಡಿ: ಫೋನ್ ಹಿರಿಯರ ಕೈಯಲ್ಲೇ ಇರಬೇಕು. ‘ಕೊಡಿ ಅಜ್ಜಿ, ನಾನು ಮಾಡ್ತೀನಿ’ ಅಂತ ಕಿತ್ತುಕೊಂಡರೆ ಪಾಠ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಮಕ್ಕಳು ದಿನಾ ಅದನ್ನೇ ಮಾಡುತ್ತಾರೆ.

ಮೊದಲು ಅಕ್ಷರ ದೊಡ್ಡದು ಮಾಡಿ, ಫೋನಿನ ಭಾಷೆ ಕನ್ನಡಕ್ಕೆ ಬದಲಿಸಿ. ಆಮೇಲೆ ಬೆರಳಿನ ಅಭ್ಯಾಸ. ಇದು ಚಿಕ್ಕವರಿಗೆ ಹೊಳೆಯುವುದೇ ಇಲ್ಲ. ವಯಸ್ಸಾದಂತೆ ಬೆರಳು ಒಣಗುತ್ತದೆ, ಪರದೆಗೆ ಮುಟ್ಟಿದ್ದು ಎಷ್ಟೋ ಸಲ ತಿಳಿಯುವುದಿಲ್ಲ. ಆಗ ಅವರು ಜೋರಾಗಿ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಬೇರೇನೋ ತೆರೆದುಕೊಳ್ಳುತ್ತದೆ. ಗಾಬರಿಯಾಗಿ ಫೋನ್ ಕೆಳಗಿಡುತ್ತಾರೆ. ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಬೆರಳು ಒರೆಸಿಕೊಂಡು, ರೊಟ್ಟಿ ಬೆಂದಿದೆಯಾ ಅಂತ ನೋಡುವಾಗ ಮುಟ್ಟುತ್ತೇವಲ್ಲ, ಅಷ್ಟು ಹಗುರಾಗಿ ಮುಟ್ಟಿ ತೆಗೆಯಲು ಹೇಳಿ. ಈ ಹೋಲಿಕೆ ನಮ್ಮ ಕೂಟದ ಒಬ್ಬ ಅಜ್ಜಿಯದೇ. ಪಕ್ಕದವರಿಗೆ ಅವರೇ ಹೇಳಿಕೊಟ್ಟರು.

ಪಠ್ಯ ನೀವು ಗೊತ್ತುಮಾಡಬೇಡಿ, ಅವರು ಕೇಳಿದ್ದನ್ನು ಕಲಿಸಿ. ಒಬ್ಬರಿಗೆ ದೂರದಲ್ಲಿರುವ ಮಗಳಿಗೆ ವಿಡಿಯೊ ಕಾಲ್ ಮಾಡಬೇಕು. ಒಬ್ಬರಿಗೆ ಬಸ್ಸಿನ ಹೊತ್ತು ಬೇಕು. ಟೈಪ್ ಮಾಡಲು ಆಗದವರಿಗೆ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಮಾತಾಡಿ ಬರೆಸುವುದನ್ನು ತೋರಿಸಿ. ದಿನಕ್ಕೆ ಒಂದೇ ಒಂದು ವಿಷಯ ಸಾಕು. ಕೊನೆಗೆ ಅವರೇ ತಮ್ಮ ನೋಟ್‌ಬುಕ್ಕಿನಲ್ಲಿ ತಮಗೆ ತಿಳಿಯುವ ಹಾಗೆ ಬರೆದುಕೊಳ್ಳಲಿ. ಬರೆಯಲು ಬಾರದವರು ಚಿತ್ರ ಹಾಕಿಕೊಳ್ಳಲಿ.

ನಾಲ್ಕನೇ ವಾರ ಪೂರ್ತಿ ಮೋಸದ ಕರೆಗಳಿಗೆ ಇಡಿ. ಮೂರು ಮಾತು ಬಾಯಿಪಾಠ ಆಗಬೇಕು. ನಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕುವುದು ಬೇಕಿಲ್ಲ. ಓಟಿಪಿ ಯಾರಿಗೂ ಹೇಳುವಂತಿಲ್ಲ. ‘ಡಿಜಿಟಲ್ ಅರೆಸ್ಟ್’ (ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ‘ನಿಮ್ಮನ್ನು ಬಂಧಿಸಿದ್ದೇವೆ’ ಅಂತ ಹೆದರಿಸುವ ಮೋಸ) ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಬೇರೆ ಕಷ್ಟಕ್ಕೆ ಹಿರಿಯರ ಸಹಾಯವಾಣಿ 14567 ಇದೆ. ಎರಡೂ ನಂಬರನ್ನು ದೊಡ್ಡದಾಗಿ ಬರೆದು ಫೋನಿನ ಕವರ್ ಹಿಂದೆ ಅಂಟಿಸಿ. ಹುಡುಗನೊಬ್ಬ ಬ್ಯಾಂಕಿನವನ ಹಾಗೆ ಫೋನ್ ಮಾಡುವ ನಾಟಕ ಆಡಿಸಿ. ಕೇಳಿ ತಿಳಿಯುವುದಕ್ಕಿಂತ ಫೋನ್ ‘ಕಟ್’ ಮಾಡುವುದನ್ನು ಕೈಯಾರೆ ಮಾಡಿದರೆ ಧೈರ್ಯ ಬರುತ್ತದೆ.

6. ಐದರಿಂದ ಏಳನೇ ವಾರ: ಹಿರಿಯರು ಗುರು

ಈಗ ಫೋನ್ ರೆಕಾರ್ಡರ್ ಆಗುತ್ತದೆ. ಹಾಡು, ಅಡುಗೆ, ಊರ ಕೆರೆಯ ಕಥೆ, ರಾಗಿಯ ಹಳೇ ತಳಿಗಳ ಹೆಸರು, ಬೇನೆ ಬಿದ್ದ ವರ್ಷ, ಯಾವುದಾದರೂ ಸರಿ.

‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂದು ಕೇಳಿದರೆ ‘ಏನಿದೆ ಹೇಳೋಕೆ, ಕಷ್ಟ ಇತ್ತು’ ಅನ್ನುತ್ತಾರೆ, ಮುಗೀತು. ಸಣ್ಣದನ್ನು ಕೇಳಿ. ಮೊದಲ ಸಲ ಬಸ್ ಹತ್ತಿದ್ದು ಎಲ್ಲಿಗೆ? ಮದುವೆಯಲ್ಲಿ ಊಟಕ್ಕೆ ಏನಿತ್ತು? ಮನೆಗೆ ಕರೆಂಟ್ ಬಂದ ದಿನ ಯಾರು ಸ್ವಿಚ್ ಹಾಕಿದರು? ಕೇಳಿದ ಮೇಲೆ ಸುಮ್ನೆ ಇರಿ. ನೆನಪು ಬರಲು ಹೊತ್ತು ಬೇಕು. ಆ ಮೌನವನ್ನು ಚಿಕ್ಕವರು ತಡೆಯಲಾರರು, ಮುಂದಿನ ಪ್ರಶ್ನೆಗೆ ಹಾರುತ್ತಾರೆ. ಮನಸ್ಸಿನಲ್ಲೇ ಹತ್ತು ಎಣಿಸಲು ಕಲಿಸಿ.

ಇಸವಿ ಕೇಳಬೇಡಿ. ಯಾರಿಗೂ ಇಸವಿ ನೆನಪಿರುವುದಿಲ್ಲ. ಗೂಟ ನೆಟ್ಟು ಅಳೆಯಬೇಕು. ಅಣೆ ಹೋಗಿ ನಯಾಪೈಸೆ ಬಂದಾಗ ನೀವು ಶಾಲೆಗೆ ಹೋಗ್ತಿದ್ರಾ? ಅದು 1957. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗ ಮದುವೆ ಆಗಿತ್ತಾ? ಅದು 1973. ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ನಿಂತಾಗ, 1978ರಲ್ಲಿ, ದೊಡ್ಡ ಮಗ ಹುಟ್ಟಿದ್ದನಾ? ಇಂಥ ನಾಲ್ಕೈದು ಗೂಟಗಳ ಪಟ್ಟಿ ಹುಡುಗರ ಕೈಯಲ್ಲಿ ಇರಲಿ. ಅವರಿಗೂ ಪುಸ್ತಕದ ಇಸವಿಗೆ ಜೀವ ಬರುತ್ತದೆ.

ರೆಕಾರ್ಡ್ ಮಾಡುವ ಮುಂಚೆ ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮಾತಾಡುವವರಿಂದ ಒಂದು ಗೇಣು ದೂರದಲ್ಲಿ, ಬಟ್ಟೆ ಮಡಿಸಿ ಅದರ ಮೇಲೆ ಇಡಿ. ಕಿವಿ ಮಂದ ಇರುವವರಿಗೆ ಚೆನ್ನಾಗಿ ಕೇಳುವ ಕಿವಿ ಯಾವುದು ಅಂತ ಕೇಳಿ ಆ ಮಗ್ಗುಲಲ್ಲಿ ಕೂರಿ.

ಒಂದು ಸಂಜೆಯದು ಹೇಳಲೇಬೇಕು. ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಬೀಸುವ ಪದ ಹಾಡಲು ಕೂತರು. ಎರಡು ನುಡಿ ಆಯಿತು, ಮೂರನೆಯದು ಬರಲಿಲ್ಲ. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲೇ ನಿಂತರು. ‘ಮರ್ತೋಯ್ತು ಕಣವ್ವ’ ಅಂದರು, ಕಣ್ಣು ತುಂಬಿತ್ತು. ಪಿಯುಸಿ ಓದುವ ಹುಡುಗಿ ಅವರ ಬಲಗೈಯನ್ನೇ ನೋಡುತ್ತಿದ್ದಳು. ಆ ಕೈ ಮಡಿಲಲ್ಲಿ ಸುಮ್ಮನೆ ಸುತ್ತುತ್ತಿತ್ತು. ಅವಳು ಎದ್ದು ಹೋಗಿ ಎದುರು ಮನೆಯಿಂದ, ಇನ್ನಿಬ್ಬರ ಕೈ ಸೇರಿಸಿ, ಬೀಸುವ ಕಲ್ಲು ತಂದಿಟ್ಟಳು. ಅಜ್ಜಿ ಗೂಟ ಹಿಡಿದರು. ಒಂದು ಹಿಡಿ ರಾಗಿ ಹಾಕಿದೆವು. ಕಲ್ಲು ತಿರುಗಿತು, ಹಾಡು ಬಂತು. ಮೂರನೇ ನುಡಿ ಬಂತು, ಹತ್ತನೆಯದೂ ಬಂತು. ಹುಡುಗಿ ಎದುರು ಕೂತು ಗೂಟಕ್ಕೆ ತನ್ನ ಕೈಯನ್ನೂ ಸೇರಿಸಿದಳು.

ಅಂದಿನಿಂದ ನಾವು ಹಾಡು ಕೇಳುವ ಮುಂಚೆ ಅದರ ಕೆಲಸ ಏನು ಅಂತ ಕೇಳುತ್ತೇವೆ. ಕುಟ್ಟುವ ಪದಕ್ಕೆ ಒನಕೆ, ತೊಟ್ಟಿಲ ಪದಕ್ಕೆ ತೊಟ್ಟಿಲು, ಇಲ್ಲದಿದ್ದರೆ ಒಂದು ಸೀರೆಯ ಜೋಲಿ. ನೀವೂ ಅದನ್ನು ತಂದಿಡಿ.

7. ಒಪ್ಪಿಗೆ, ಎಚ್ಚರ

ರೆಕಾರ್ಡ್ ಮಾಡಿದ್ದನ್ನು ಅವರಿಗೇ ಮೊದಲು ಕೇಳಿಸಿ. ಯಾರ್ಯಾರು ಕೇಳಬಹುದು, ವಾಟ್ಸ್‌ಆ್ಯಪ್‌ಗೆ ಹಾಕಬಹುದಾ ಅಂತ ಕೇಳಿ. ಆಸ್ತಿ ಜಗಳ, ಸೊಸೆಯ ಮಾತು, ಎಂದೋ ಆದ ಅವಮಾನ, ಇವೂ ಮಾತಿನ ನಡುವೆ ಬರುತ್ತವೆ. ನಂಬಿ ಹೇಳಿದ್ದು ಅದು. ಅಳಿಸಿ ಅಂದರೆ ಅವರ ಕಣ್ಣೆದುರೇ ಅಳಿಸಿ.

ಹದಿನೆಂಟಕ್ಕಿಂತ ಚಿಕ್ಕವರಿದ್ದರೆ ಅಪ್ಪ ಅಮ್ಮನ ಸಹಿ ಬೇಕು. ಯಾವ ಮಗುವನ್ನೂ ಒಬ್ಬಂಟಿಯಾಗಿ ಯಾರ ಮನೆಗೂ ಕಳಿಸಬೇಡಿ. ಕೂಟದಲ್ಲಿ ಕೊನೆತನಕ ಇಬ್ಬರು ದೊಡ್ಡವರು ಇರಲೇಬೇಕು. ಕಾಫಿಗೆ ಸಕ್ಕರೆ ಹಾಕದೆ ಬೇರೆ ಇಡಿ. ಪ್ರತಿ ಹಿರಿಯರ ಮನೆಯ ಒಂದು ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

8. ಜೋಡಿ ಕೂಡದಿದ್ದರೆ

ಕೆಲವು ಜೋಡಿ ಹೊಂದುವುದಿಲ್ಲ. ಬದಲಿಸಿ, ಯಾರ ತಪ್ಪೂ ಅಲ್ಲ. ಹುಡುಗರು ಎರಡು ವಾರ ಬಾರದಿದ್ದರೆ ಹಿರಿಯರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಆದ್ದರಿಂದ ಬಾರದವರು ತಾವೇ ಫೋನ್ ಮಾಡಿ ಹೇಳಬೇಕು ಅಂತ ಮೊದಲ ದಿನವೇ ಮಾತು ತೆಗೆದುಕೊಳ್ಳಿ.

ಬೇರೆ ಊರುಗಳಲ್ಲಿ ಇದನ್ನು ಇನ್ನೂ ದೊಡ್ಡದಾಗಿ ಮಾಡಿದ್ದಾರೆ. ನೆದರ್ಲೆಂಡ್ಸಿನ ಡೆವೆಂಟರ್ ಪಟ್ಟಣದ ಹ್ಯುಮಾನಿಟಾಸ್ ವೃದ್ಧಾಶ್ರಮದಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆ ಇಲ್ಲದ ಕೋಣೆ ಕೊಡುತ್ತಾರೆ. ಅದಕ್ಕೆ ಅವರು ತಿಂಗಳಿಗೆ 30 ಗಂಟೆ ಅಲ್ಲಿನ ಹಿರಿಯರ ಜೊತೆ ಕಳೆಯಬೇಕು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ, ಠಾಣೆ ಜಿಲ್ಲೆಯ ಫಾಂಗಣೆ ಹಳ್ಳಿಯಲ್ಲಿ, 2016ರ ಮಾರ್ಚ್ 8ರಂದು ಅಜ್ಜಿಯರಿಗಾಗಿಯೇ ಒಂದು ಶಾಲೆ ಶುರುವಾಯಿತು. ಗುಲಾಬಿ ಸೀರೆಯ ಸಮವಸ್ತ್ರ ಉಟ್ಟು, ಚೀಲ ಹಿಡಿದು, ಅಜ್ಜಿಯರು ಅಕ್ಷರ ಕಲಿಯಲು ಹೋದರು. ಎರಡೂ ಕಡೆ ಹಿರಿಯರನ್ನು ಮೂಲೆಯಲ್ಲಿ ಕೂರಿಸಿಲ್ಲ ಎನ್ನುವುದು ನನಗೆ ಹಿಡಿಸಿದ್ದು.

9. ಎಂಟನೇ ವಾರ, ಮತ್ತು ಪೆನ್‌ಡ್ರೈವ್

ಕೊನೆಯ ಶನಿವಾರ ಎರಡೂ ಕಡೆಯ ಮನೆಯವರನ್ನು ಕರೆಯಿರಿ. ವೇದಿಕೆ ಬೇಡ, ಶಾಲು ಬೇಡ. ರೆಕಾರ್ಡ್ ಮಾಡಿದ್ದರಲ್ಲಿ ಒಪ್ಪಿಗೆ ಇರುವುದನ್ನು ಸ್ಪೀಕರ್‌ನಲ್ಲಿ ಕೇಳಿಸಿ. ಅಜ್ಜಿ ತಾನೇ ಮಗಳಿಗೆ ವಿಡಿಯೊ ಕಾಲ್ ಮಾಡಿ ತೋರಿಸಲಿ. ಚುರುಮುರಿ, ಕಾಫಿ ಸಾಕು.

ಹೋಗುವ ಮುಂಚೆ ಒಂದು ಕೆಲಸ ಇದೆ, ಇದನ್ನು ಎಂಟನೇ ವಾರಕ್ಕೆ ಅಲ್ಲ, ಮೊದಲ ರೆಕಾರ್ಡಿಂಗ್ ದಿನವೇ ಶುರುಮಾಡಿ. ಪ್ರತಿ ಫೈಲಿಗೂ ತಾರೀಕು, ಹೇಳಿದವರ ಹೆಸರು, ವಿಷಯ ಹಾಕಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಲೈಬ್ರರಿಗೆ, ಒಂದು ಆ ಹಿರಿಯರ ಮನೆಗೆ, ಒಂದು ನಿಮ್ಮ ಹತ್ತಿರ. ಆಮೇಲೆ ಮಾಡಿದರಾಯಿತು ಅಂತ ನಾವು ಬಿಟ್ಟಿದ್ದೆವು. ಒಬ್ಬ ಹುಡುಗನ ಫೋನ್ ಕೆಟ್ಟು, ರಿಪೇರಿಯಲ್ಲಿ ಎಲ್ಲ ಅಳಿಸಿಹೋಯಿತು. ಬೀಸುವ ಕಲ್ಲಿನ ಆ ಸಂಜೆಯ ಹಾಡು ಅದರಲ್ಲೇ ಇತ್ತು. ಅಜ್ಜಿಯ ಹತ್ತಿರ ಹೋಗಿ ಮತ್ತೆ ಹಾಡಿಸಿದೆವು. ಬೇಸರ ಮಾಡಿಕೊಳ್ಳದೆ ಹಾಡಿದರು. ಆದರೆ ಈ ಸಲ ನಾಲ್ಕು ನುಡಿ ಬೇರೆ ಇದ್ದವು, ಹಳೆಯ ಎರಡು ಇರಲಿಲ್ಲ. ‘ಅವತ್ತು ಹಂಗೆ ಬಂತು, ಇವತ್ತು ಹಿಂಗೆ ಬಂತು’ ಅಂದರು. ಈಗ ಶನಿವಾರ ಬೀಗ ಹಾಕುವ ಮುಂಚೆ ಆ ಹುಡುಗನೇ ಎಲ್ಲರ ಫೋನ್ ಇಸಿದುಕೊಂಡು ಕಾಪಿ ಮಾಡುತ್ತಾನೆ.