ಸ್ಟೆತಸ್ಕೋಪ್ ಕಿವಿಯಲ್ಲಿರುವಷ್ಟು ಹೊತ್ತು

ಹಾಲು ಜ್ವರ ಎಂಬ ಹೆಸರೇ ಮೋಸದ್ದು. ಹಸುವಿನ ಮೈ ತಣ್ಣಗಿರುತ್ತದೆ. ಕರು ಹಾಕಿದ ಎರಡು ಮೂರು ದಿನಗಳೊಳಗೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಡುತ್ತದೆ. 450 ಮಿಲಿಲೀಟರ್ ಕ್ಯಾಲ್ಸಿಯಂ ರಕ್ತನಾಳಕ್ಕೆ ಇಳಿದರೆ ಎಷ್ಟೋ ಸಲ ನಮ್ಮ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಊರಿನವರಿಗೆ ಅದು ಪವಾಡ. ಆದರೆ ಅದೇ ಔಷಧಿ ರಭಸದಿಂದ ಇಳಿದರೆ ಹೃದಯ ನಿಲ್ಲಬಹುದು.

ಆ ರಾತ್ರಿ ನಿಧಾನವಾಗಿಯೇ ಕೊಟ್ಟಿದ್ದೆ. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಹಸು ಒಮ್ಮೆ ನಡುಗಿ ಸುಮ್ಮನಾಯಿತು. ಮನೆಯೊಡತಿ, ವಯಸ್ಸಾದ ಹೆಂಗಸು, ಬೈಯಲಿಲ್ಲ. ‘ಕೈ ತೊಳೆದುಕೊಳ್ಳಿ ಡಾಕ್ಟರೇ’ ಎಂದು ಬಿಸಿನೀರು ತಂದಿಟ್ಟರು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಅಲ್ಲಿಂದ ಮುಂದೆ ರಾತ್ರಿ ಫೋನ್ ರಿಂಗಾದರೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಒಂದೆರಡು ಬಾರಿ ಎತ್ತಲೇ ಇಲ್ಲ. ಬೆಳಿಗ್ಗೆ ಆ ನಂಬರುಗಳನ್ನು ನೋಡುವುದು ಇನ್ನೊಂದು ಹಿಂಸೆ.

ಅಷ್ಟರಲ್ಲಿ 2022ರ ಚರ್ಮಗಂಟು ರೋಗ ಬಂತು. ವೈರಸ್ಸಿಗೆ ಮದ್ದಿಲ್ಲ; ಜ್ವರ ಇಳಿಸಬೇಕು, ಗಾಯಕ್ಕೆ ಹುಳ ಬೀಳದಂತೆ ನೋಡಿಕೊಳ್ಳಬೇಕು, ಇನ್ನೂ ರೋಗ ತಗುಲದ ದನಗಳಿಗೆ ಮೇಕೆ ಸಿಡುಬಿನ ಲಸಿಕೆ ಹಾಕಬೇಕು. ಸತ್ತರೆ ಪರಿಹಾರದ ಕಾಗದಕ್ಕೂ ನನ್ನದೇ ಸಹಿ. ಬೆಳಿಗ್ಗೆ ಬದುಕಿಸಲು ಹೋದ ಕೊಟ್ಟಿಗೆಗೆ ಸಂಜೆ ಸಾವನ್ನು ದೃಢೀಕರಿಸಲು ಹೋಗುತ್ತಿದ್ದೆ. ಇದರ ನಡುವೆ ವಿಮೆಯ ತಕರಾರು: ಸತ್ತದ್ದು ಒಂದು ಹಸು, ಗುರುತಿಗೆಂದು ದನದ ಕಿವಿಗೆ ಹಾಕುವ ಓಲೆಯ 12 ಅಂಕಿ ಇನ್ನೊಂದರದ್ದು, ‘ಏನಾದರೂ ಮಾಡಿ ಸಾರ್’ ಎಂಬ ಬೇಡಿಕೆ. ಒಪ್ಪದಿದ್ದರೆ ಮರುದಿನ ಡೇರಿಯ ಮುಂದೆ ಯಾರೂ ಮಾತನಾಡಿಸುತ್ತಿರಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾಗಿತ್ತು. ಕೆಲವು ತಿಂಗಳ ಬಳಿಕ 14416ಕ್ಕೆ ಕರೆ ಮಾಡಿದೆ. ಮೊದಲ ಸಲ ಯಾರೋ ‘ಹೇಳಿ’ ಎಂದೊಡನೆ ಕತ್ತರಿಸಿಬಿಟ್ಟೆ. ದನದ ಡಾಕ್ಟರು ಹಸು ಸತ್ತಿತೆಂದು ಅಳುವುದೇ ಎಂಬ ನಾಚಿಕೆ. ಎರಡನೆಯ ಸಲ ಮಾತನಾಡಿದೆ. ಆ ಕಡೆಯವರು ಉಪದೇಶ ಮಾಡಲಿಲ್ಲ. ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ ಎಂದು ಕೇಳಿದರು. ಆ ಪ್ರಶ್ನೆಯನ್ನು ಮನೆಯವರು ಎಷ್ಟೋ ಸಲ ಕೇಳಿದ್ದರು, ನಾನು ಉತ್ತರಿಸಿರಲಿಲ್ಲ.

ಆಮೇಲೆ ಪಕ್ಕದ ಹೋಬಳಿಯ ಗೆಳೆಯನೊಂದಿಗೆ ಪಾಳಿ ಮಾಡಿಕೊಂಡೆ: ಒಂದು ರಾತ್ರಿ ನನ್ನದು, ಒಂದು ರಾತ್ರಿ ಅವನದು. ಕಾಗದದಲ್ಲಿ ಇಲ್ಲದ ಏರ್ಪಾಡು. ಮೊದಮೊದಲು ಜನ ಗೊಣಗಿದರು. ಇನ್ನೊಂದು ಅಭ್ಯಾಸ, ಸೂಜಿ ಚುಚ್ಚುವ ಮೊದಲೇ ‘ಏಳಬಹುದು, ಏಳದೆಯೂ ಇರಬಹುದು’ ಎಂದು ಮನೆಯವರ ಮುಖ ನೋಡಿ ಹೇಳುವುದು. ಹಾಗೆ ಹೇಳಿದರೆ ಡಾಕ್ಟರಿಗೆ ಧೈರ್ಯವಿಲ್ಲ ಎಂದುಕೊಳ್ಳುತ್ತಾರೆಂದು ಹಿಂದೆ ಹೆದರುತ್ತಿದ್ದೆ. ಈಗ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಸ್ಟೆತಸ್ಕೋಪ್ ಹಚ್ಚಿ, ಬಡಿತ ತಪ್ಪಿದೊಡನೆ ಔಷಧಿ ನಿಲ್ಲಿಸುತ್ತೇನೆ. ಕಿವಿ ಮುಚ್ಚಿರುವುದರಿಂದ ಸುತ್ತ ನಿಂತವರ ಸಲಹೆಗಳೂ ಕೇಳಿಸುವುದಿಲ್ಲ, ಅದೊಂದು ಲಾಭ.

ಕಳೆದ ತಿಂಗಳು ಅದೇ ಅಜ್ಜಿ ರಾತ್ರಿ ಒಂದು ಗಂಟೆಗೆ ಫೋನ್ ಮಾಡಿದರು. ಕರು ಅಡ್ಡ ಸಿಕ್ಕಿಕೊಂಡಿತ್ತು. ಪಾಳಿ ನನ್ನದಲ್ಲ. ಗೆಳೆಯನ ನಂಬರ್ ಕೊಟ್ಟು ಮಲಗಿದೆ. ನಿದ್ದೆ ಬಂತು ಎಂದರೆ ಸುಳ್ಳಾಗುತ್ತದೆ.